ಗಿಡ್ಡ ಮ್ಯಾನಿಫೋಲ್ಡ್

ನಮ್ಮ ಮಾವನಿಗೆ ಮಾತು ಕಡಿಮೆ. ಮದುವೆಯಾಗಿ ಬಂದ ಹೊಸದರಲ್ಲಿ ಇವರಿಗೆ ನನ್ನನ್ನು ಕಂಡರಾಗದೇನೋ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅವರು ಯಾರ ಹತ್ತಿರವೂ ಮಾತಾಡುವುದಿಲ್ಲ, ಎಂಜಿನ್ನಿನ ಹತ್ತಿರ ಮಾತ್ರ ಗೊಣಗುತ್ತಾರೆ. ಅವರ ಮಗ, ಅಂದರೆ ನನ್ನ ಗಂಡ, ಗ್ರೀಸು ಕಂಡರೆ ಮೂಗು ಮುಚ್ಚಿಕೊಳ್ಳುವ ಪೈಕಿ. ಅವನು ಬಟ್ಟೆ ಅಂಗಡಿ ಸೇರಿಕೊಂಡ. ಊಟದ ಡಬ್ಬಿ ಕೊಡಲು ವರ್ಕ್‌ಶಾಪಿಗೆ ಹೋದ ನಾನು ಅಲ್ಲೇ ಉಳಿದುಬಿಟ್ಟೆ. ಸ್ಪ್ಯಾನರ್ ಎತ್ತಿಕೊಡುವುದರಿಂದ ಶುರು ಮಾಡಿ ಈಗ ವಾಲ್ವ್ ಕೂರಿಸುವವರೆಗೆ ಬಂದಿದ್ದೇನೆ. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದೇ ಸಲ. ಅದೂ "ಪರವಾಗಿಲ್ಲ" ಅಂತ.

ವರ್ಕ್‌ಶಾಪ್ ಇರುವುದು ದೋಣಿ ಕಟ್ಟುವ ಮೆಟ್ಟಿಲ ಪಕ್ಕ. ಅಲ್ಲಿಗೆ ಬರುವುದು ದೋಣಿ ಎಂಜಿನ್ ಮಾತ್ರ. ಎಂಜಿನ್ನಿನ ತಲೆ ಬಿಚ್ಚಿದ ಕೂಡಲೇ ಮಾವ ತೆರೆದ ತೂತುಗಳಿಗೆಲ್ಲ ಬಟ್ಟೆ ಚೂರು ತುರುಕುತ್ತಾರೆ, ಒಳಗೆ ವಾಷರ್ ಬೀಳಬಾರದಲ್ಲ. ಎಂಟು ತುರುಕಿದರೆ ಎಂಟು ಆಚೆ ಬರಬೇಕು. ಒಂದು ಸಲ ಏಳು ಬಂತು. ಎಂಟನೆಯದು ನನ್ನ ಸೊಂಟದಲ್ಲೇ ಸಿಕ್ಕಿಕೊಂಡಿದೆ ಅಂತ ಗೊತ್ತಾಗುವ ಹೊತ್ತಿಗೆ ಎಂಜಿನ್ ಅರ್ಧ ಬಿಚ್ಚಿಯಾಗಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆ ಇರುವುದು ಹಿನ್ನೀರಿನ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಎರಡು ಗಂಟೆ, ರೋಗಿಗಳ ದೋಣಿಯಲ್ಲಿ ಇಪ್ಪತ್ತು ನಿಮಿಷ. ಹಳೇ ದೋಣಿ ಈ ವರ್ಷ ಕೈಕೊಟ್ಟಿತು. ರೇಸ್ ದೋಣಿಯ ಕ್ಲಬ್ಬಿನವರು ತಮ್ಮದೊಂದನ್ನು ಆಸ್ಪತ್ರೆಗೆ ದಾನ ಕೊಟ್ಟರು. ಎಂಟು ಸಿಲಿಂಡರಿನ ಭರ್ಜರಿ ಎಂಜಿನ್, ಆದರೆ ಒಳಗೆಲ್ಲ ಸವೆದುಹೋಗಿತ್ತು. ಮೂರು ತಿಂಗಳು ಕೂತು ಅದನ್ನು ಹೊಸದಾಗಿ ಕಟ್ಟಿದೆವು. ಕೊನೆಗೆ ಉಳಿದದ್ದು ಮ್ಯಾನಿಫೋಲ್ಡ್ ಒಂದೇ.

ಕಾರ್ಬುರೇಟರಿನಿಂದ ಬರುವ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಂಟು ಸಿಲಿಂಡರಿಗೂ ಹಂಚುವ ಅಲ್ಯೂಮಿನಿಯಂ ತುಂಡು ಅದು. ಬೆಂಚಿನ ಮೇಲೆ ಎರಡಿದ್ದವು. ರೇಸ್ ಎಂಜಿನ್ನಿನ ಜೊತೆಗೇ ಬಂದದ್ದು ಎತ್ತರದ್ದು, ಫಳಫಳ ಹೊಳೆಯುವಂಥದ್ದು. ಎಂಜಿನ್ ಜೋರಾಗಿ ತಿರುಗುವಾಗ ಅದಕ್ಕೆ ಸಾಟಿಯಿಲ್ಲ, ನಿಧಾನವಾಗಿ ತಿರುಗುವಾಗ ದಮ್ಮಿಲ್ಲ. ಮಾವ ತರಿಸಿದ್ದು ಗಿಡ್ಡದ್ದು. ತುದಿಯ ವೇಗ ಸ್ವಲ್ಪ ಕಡಿಮೆ, ಆದರೆ ಎಳೆತ ಬುಡದಿಂದಲೇ ಸಿಗುತ್ತದೆ.

ಯಾವುದು ಬೇಕು ಅಂತ ದೋಣಿ ಓಡಿಸುವವನೇ ಹೇಳಲಿ ಅಂದಿದ್ದರು ದೊಡ್ಡ ಡಾಕ್ಟರು. ಓಡಿಸುವವನು ಮಾವನ ಬಾಲ್ಯದ ಗೆಳೆಯ. ಕಾಲಿಗೆ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಕಂಡವನಲ್ಲ, ಆದರೂ ಊರಿಗೆಲ್ಲ ಅವನು ಕ್ಯಾಪ್ಟನ್. ಇಪ್ಪತ್ತು ವರ್ಷದ ಹಿಂದೆ ಅವನ ಹೆಂಡತಿ ಆಸ್ಪತ್ರೆಯ ಆ ಹಳೇ ದೋಣಿಯಲ್ಲಿ, ಆಚೆ ದಡ ಕಣ್ಣಿಗೆ ಕಾಣುತ್ತಿರುವಾಗ, ಹೊಟ್ಟೆಯೊಳಗೆ ರಕ್ತನಾಳ ಒಡೆದು ಸತ್ತಳು. ಅದಾದ ಮೇಲೆ ಅವನೇ ಕೇಳಿಕೊಂಡು ಆ ದೋಣಿಯ ಕೆಲಸಕ್ಕೆ ಸೇರಿದ. ರೋಗಿಯ ಜೊತೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹತ್ತಿಸಿದವನಲ್ಲ. ಮಗುವಿನ ಜೊತೆ ಗಂಡ ಹತ್ತಿದ ಮೇಲೆ ಮೆಟ್ಟಿಲವರೆಗೆ ಓಡಿಬಂದು, ಅಲ್ಲೇ ಕೂತು ಎದೆ ಬಡಿದುಕೊಂಡ ತಾಯಂದಿರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವನನ್ನು ಕಲ್ಲೆದೆಯವನು ಅಂತ ಬೈದೂ ಇದ್ದೇನೆ.

ಅವತ್ತು ಬೆಳಿಗ್ಗೆ ಕ್ಯಾಪ್ಟನ್ ಬಂದವನೇ ಎತ್ತರದ್ದರ ಮೇಲೆ ಕೈಯಿಟ್ಟ. "ಇದೇ."

"ಮುಚ್ಚಳಕ್ಕೆ ತಾಗುತ್ತೆ," ಅಂದರು ಮಾವ. ಹಿಂದಿನ ದಿನ ನಾವು ಅದರ ಮೇಲೆ ಜೇಡಿಮಣ್ಣಿನ ಉಂಡೆಯಿಟ್ಟು ಎಂಜಿನ್ ಮುಚ್ಚಳ ಹಾಕಿ ನೋಡಿದ್ದೆವು. ಉಂಡೆ ಅಪ್ಪಚ್ಚಿಯಾಗಿತ್ತು.

"ಮುಚ್ಚಳ ಕೊರೆಯೋಣ. ಅದೂ ಒಂದು ಕಾರಣನಾ?"

"ಜನ ತುಂಬಿದ್ರೆ ದೋಣಿ ನೀರಿಂದ ಮೇಲೇಳಲ್ಲ ಕಣೋ. ಮೂತಿ ಮೇಲೆತ್ತಿ, ಹಿಂಭಾಗ ನೀರಲ್ಲಿ ಹೂತು, ಹಾಗೇ ತೆವಳುತ್ತೆ. ರೋಗಿ ಯಾವತ್ತೂ ಒಬ್ರೇ ಬರಲ್ಲ."

"ಜೊತೆಗೆ ಜನ ಬರಬಾರದು. ಬಂದ್ರೆ ಏನಾಗುತ್ತೆ ಅಂತ ನನಗೊಬ್ಬನಿಗೆ ಗೊತ್ತು. ನಾನಿರೋವರೆಗೂ ಎರಡನೆಯವರನ್ನ ಹತ್ತಿಸಲ್ಲ."

"ಎರಡು ವರ್ಷಕ್ಕೆ ನೀನು ಇಳೀತೀಯ. ಆಮೇಲೆ ಬರೋನು ಹೆತ್ತವರನ್ನ ತಡೀತಾನಾ?"

"ತಡೀಲಿ. ಕಲೀಲಿ. ನೀನು ಬೋಲ್ಟ್ ಹಾಕು."

ಮಾವ ಬೋಲ್ಟ್ ಹಾಕಲಿಲ್ಲ. ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನಾನು ಗ್ಯಾಸ್ಕೆಟ್ ಕೆರೆಯುತ್ತ ಅಲ್ಲೇ ಇದ್ದೆ. ಹೊರಗೆ ಹೋಗು ಅನ್ನುತ್ತಾರೇನೋ ಅಂತ ನೋಡಿದೆ, ಅನ್ನಲಿಲ್ಲ.

"ನಿನ್ನ ಹೆಂಡತಿ ಹೋದ ದಿನ ದೋಣೀಲಿ ಇದ್ದಿದ್ದೂ ಎತ್ತರದ್ದೇ," ಅಂದರು. "ಹಾಕಿದ್ದು ನಾನು. ಯಾರೂ ಕೇಳಿರಲಿಲ್ಲ, ನನಗೇ ಆಸೆ. ಒಬ್ಬನೇ ಕೂತು ಓಡಿಸಿ ನೋಡಿದೆ, ಹಾರಿಹೋಯ್ತು. ಜನಾನ ಕೂರಿಸಿ ನೋಡಬೇಕು ಅಂತ ತಲೆಗೇ ಹೋಗ್ಲಿಲ್ಲ. ಮುಂದಿನ ವಾರವೇ ನೀವು ಏಳು ಜನ ಹತ್ತಿದ್ರಿ. ಆ ದೋಣಿಗೆ ಏಳು ಜನ ಒಂದು ಲೆಕ್ಕವೇ ಅಲ್ಲ. ದೋಣಿ ಏಳದೇ ಇದ್ದಿದ್ದು ನನ್ನಿಂದ. ಹದಿನೈದು ದಿನ ಬಿಟ್ಟು, ಗ್ಯಾಸ್ಕೆಟ್ ಸೋರ್ತಿದೆ ಅಂತ ಸುಳ್ಳು ಹೇಳಿ ಗಿಡ್ಡದ್ದು ಹಾಕಿದೆ. ಇಷ್ಟು ವರ್ಷ ನೀನು ಓಡಿಸಿದ್ದು ಅದನ್ನೇ."

ಕ್ಯಾಪ್ಟನ್ ಹೊಡೆಯುತ್ತಾನೆ ಅಂದುಕೊಂಡೆ. ಮಾವನೂ ಹಾಗೇ ಅಂದುಕೊಂಡಿರಬೇಕು, ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟಿದ್ದರು. ಅವನು ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟ.

"ನಮ್ಮಮ್ಮನಿಗೆ ಹತ್ತಬೇಡ ಅಂದಿದ್ದೆ," ಅಂದ. "ಹಟ ಮಾಡಿ ಹತ್ತಿದ್ಲು. ದೋಣಿ ಏಳದೇ ಹೋದಾಗ, ನಿನ್ನ ಭಾರಕ್ಕೇ ಕಣೇ ಅಂದೆ. ನೀರಿನ ಮಧ್ಯೆ, ಎಲ್ರ ಎದುರಿಗೆ. ಆಮೇಲೆ ಆರು ವರ್ಷ ಬದುಕಿದ್ಲು. ಅವಳ ಕೈಯಿಂದ ಒಂದು ತುತ್ತು ಬಡಿಸಿಕೊಳ್ಳಲಿಲ್ಲ ನಾನು."

ಮಾವ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಅವಳು ಇದ್ದಾಗ ಹೇಳೋಕೆ ನಿನಗೇನಾಗಿತ್ತೋ?"

"ಹೆದರಿದ್ದೆ," ಅಂದರು ಮಾವ.

ಅವರು ಹೆದರಿದ್ದನ್ನು ನಾನು ಕಂಡೇ ಇರಲಿಲ್ಲ. ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಬಟ್ಟೆ ಚೂರಿಗೆ ಇಡೀ ಎಂಜಿನ್ ಬಿಚ್ಚುವ ಮನುಷ್ಯ ಆ ಮುದುಕಿಯನ್ನು ಆರು ವರ್ಷ ಹಾಗೇ ಬಿಟ್ಟಿದ್ದರಲ್ಲ. ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಅವರಿಗೆ ಊಟ ಬಡಿಸುವಾಗಲೂ ಒಮ್ಮೊಮ್ಮೆ ಏಳುತ್ತದೆ.

ಕ್ಯಾಪ್ಟನ್ ಎದ್ದು ಹೋದ. ಬಾಗಿಲಲ್ಲಿ ನಿಂತು, ತಿರುಗದೆಯೇ, "ಗಿಡ್ಡದ್ದು ಹಾಕು" ಅಂದ. ಮಾವ ಹಾಕಿದರು. ಮಧ್ಯದ ಬೋಲ್ಟಿನಿಂದ ಶುರು ಮಾಡಿ ಎರಡೂ ತುದಿಗೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿದರು. ಕೊನೆಯ ಸುತ್ತು ನನ್ನ ಕೈಯಲ್ಲಿ ಮಾಡಿಸಿದರು.

ಟ್ರಯಲ್ ದಿನ ಮಾವ ನಮ್ಮನ್ನೆಲ್ಲ ದೋಣಿಗೆ ಹತ್ತಿಸಿದರು: ನಾನು, ಗಂಡ, ಅತ್ತೆ, ಎದುರು ಮನೆಯ ಮೂವರು, ಸ್ಟ್ರೆಚರಿನ ಮೇಲೆ ಎರಡು ಮರಳು ಮೂಟೆ. "ನನ್ನ ಭಾರ ನೋಡೋಕೆ ಎಂಟು ಸಿಲಿಂಡರ್ ಬೇಕಾಯ್ತಾ?" ಅಂದರು ಅತ್ತೆ. ಕ್ಯಾಪ್ಟನ್ ಹಗ್ಗ ಬಿಚ್ಚಿ ಥ್ರಾಟಲ್ ಮುಂದಕ್ಕೆ ತಳ್ಳಿದ. ಮೂತಿ ಮೇಲೆದ್ದಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಮೂತಿ ಕೆಳಗಿಳಿಯಿತು, ಇಡೀ ದೋಣಿ ನೀರಿನಿಂದ ಬಿಡಿಸಿಕೊಂಡು ಮೇಲೆದ್ದು ಓಡಿತು. ನನ್ನ ಗಂಡ ಚಪ್ಪಾಳೆ ತಟ್ಟಿದವನು ಮಾವನ ಮುಖ ನೋಡಿ ಕೈ ಇಳಿಸಿದ.

ನೀರಿನ ಮಧ್ಯೆ ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದ. ದೋಣಿ ಕೂತಿತು. ಅವನು ಮೊದಲ ಸಲ ತಿರುಗಿ ಮಾವನನ್ನು ನೋಡಿದ.

"ಕೊನೇ ಸಲ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ತೂಕ ಮಾಡಿದ್ರು," ಅಂದ. "ಮೂವತ್ತೆಂಟು ಕಿಲೋ ಇದ್ಲು ಕಣೋ."