ಮಸ್ಕಿ ಮ್ಯೂಸಿಯಮ್ಮಿಗೆ ಡೈರೆಕ್ಟರ್ ಸಿಕ್ಕ ಬಗೆ

ಹಟ್ಟಿ ಚಿನ್ನದ ಗಣಿಯ ಪಂಪ್‌ಹೌಸಿನಲ್ಲಿ ಹತ್ತು ವರ್ಷ ದುಡಿದ ಹುಸೇನಪ್ಪ ೧೯೫೩ರಲ್ಲಿ ಮಸ್ಕಿಗೆ ಮರಳಿ ಸೈಕಲ್ ರಿಪೇರಿ ಅಂಗಡಿ ಹಾಕಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ತುಕ್ಕು ಹಿಡಿದ ಪಂಪಿನ ವಾಲ್ವು, ಚಿನ್ನವೊಂದನ್ನು ಬಿಟ್ಟು ಉಳಿದೆಲ್ಲ ಇದ್ದ ಗಣಿಯ ಕಲ್ಲುಗಳು, ಒಂದು ಅಯಸ್ಕಾಂತ, ಬಾಟಲಿಯೊಳಗೆ ಸತ್ತ ಚೇಳು ಇಟ್ಟುಕೊಂಡಿದ್ದ. ಪಂಕ್ಚರಿಗೆ ಹಚ್ಚಿದ ಅಂಟು ಒಣಗುವ ತನಕ ಗಿರಾಕಿಗಳು ಅದನ್ನೆಲ್ಲ ನೋಡಲೇಬೇಕಿತ್ತು.

ಎರಡು ವರ್ಷದ ಬಳಿಕ ಒಂದು ಬೆಳಿಗ್ಗೆ ಎದುರಿನ ಚಹಾದಂಗಡಿಯ ಚಾಂದ್‌ಪಾಷಾ ಪೇಪರು ಹಿಡಿದು ಓಡಿ ಬಂದ.

"ಹುಸೇನಪ್ಪ, ದಿಲ್ಲಿಯೊಳಗ ರಾಷ್ಟ್ರೀಯ ವಿಜ್ಞಾನ ಮ್ಯೂಸಿಯಂ ಮಾಡ್ತಾರಂತ. ಡೈರೆಕ್ಟರ್ ಬೇಕಾಗ್ಯಾನ. ತಿಂಗಳಿಗೆ ಸಾವಿರ ರೂಪಾಯಿ ಪಗಾರ, ಮ್ಯಾಲ ಬಂಗ್ಲೆ!"

"ಕೆಲಸ ಏನಂತ?"

"ಸಾಮಾನು ಕಾಯೋದು, ಮಂದಿಗೆ ತೋರ್ಸೋದು."

"ಅದನ್ನ ನೀವು ಇಲ್ಲಿ ಪುಕ್ಕಟೆ ಮಾಡಾಕತ್ತೀರಿ," ಎಂದಳು ಹೆಂಡತಿ ಅಮರಮ್ಮ ಒಳಗಿನಿಂದ.

ಹುಸೇನಪ್ಪ ಶಾಲೆಯ ಮಾಸ್ತರ ಬಸವಂತರಾಯರಿಂದ ಅರ್ಜಿ ಬರೆಸಿದ. ಸಾವಿರ ರೂಪಾಯಿ ಜಾಸ್ತಿಯಾಯಿತು, ನಾನೂರು ಸಾಕು. ಆದರೆ ಅಂಗಡಿ ಬಿಟ್ಟು ಬರಲಾಗದು, ಮ್ಯೂಸಿಯಮ್ಮನ್ನೇ ಮಸ್ಕಿಗೆ ತರಬೇಕು ಎಂಬುದು ಅದರ ಸಾರ. ತಿಂಗಳ ನಂತರ ಉತ್ತರ ಬಂತು: ಸ್ಥಳ ಬದಲಾಯಿಸಲು ಅವಕಾಶವಿಲ್ಲ.

"ಅಂದ್ರ ಮನುಷ್ಯಾನ ಬಗ್ಗೆ ತಕರಾರಿಲ್ಲ, ಜಾಗದ್ದಷ್ಟ ತಕರಾರು," ಎಂದು ಚಾಂದ್‌ಪಾಷಾ ಸಿಟ್ಟಾದ. "ಬಿಡಲೇ, ನಿನ್ನ ಈ ಕೋಣೆಗೆ ನಾವ ಡೈರೆಕ್ಟರ್ ಅಂತ ನೇಮಕ ಮಾಡ್ತೀವಿ. ಪಗಾರ ದಿನಕ್ಕೊಂದು ಕಪ್ ಚಹಾ, ನಂದು."

ಹುಸೇನಪ್ಪ ನಿಯಮದ ಮನುಷ್ಯ. ಸುಮ್ಮನೆ ಕುರ್ಚಿ ಏರಲು ಒಪ್ಪಲಿಲ್ಲ. ಗೋಡೆಗೆ ಜಾಹೀರಾತು ಹಚ್ಚಿಸಿದ, ಮಾಸ್ತರರನ್ನು ಸಂದರ್ಶನ ಮಾಡಲು ಕೂರಿಸಿದ. ಬಂದ ಅರ್ಜಿ ಎರಡು. ಒಂದು ಅವನದೇ, ಎರಡನೆಯದು ಅಮರಮ್ಮನದು.

"ಧೂಳು ಒರಸಾಕಿ ನಾನು. ಚಹಾ ಅವರಿಗ್ಯಾಕ?"

ಮಾಸ್ತರರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: "ಈ ಚೇಳು ಹ್ಯಾಂಗ ಸತ್ತೈತಿ?"

"ವಿಜ್ಞಾನಕ್ಕಾಗಿ," ಎಂದ ಹುಸೇನಪ್ಪ ಎದೆಯುಬ್ಬಿಸಿ.

"ನನ್ನ ಚಪ್ಪಲೀಲೆ," ಎಂದಳು ಅಮರಮ್ಮ.

ಪ್ರತ್ಯಕ್ಷ ಅನುಭವ ಉಳ್ಳವಳೆಂದು ಹುದ್ದೆ ಆಕೆಗೇ ಹೋಯಿತು. ಹುಸೇನಪ್ಪ ಎರಡು ದಿನ ಹಿಂದಿನ ಕೋಣೆಗೆ ಕಾಲಿಡದೆ ಅಂಗಡಿಯ ಹೊರಗೇ ಕೂತು ಪಂಕ್ಚರು ಹಚ್ಚಿದ. ಮೂರನೆಯ ದಿನ ಆಕೆ ತನ್ನ ಪಗಾರದ ಅರ್ಧವನ್ನು ಕಪ್ಪಿನಡಿಯ ಬಸಿಗೆ ಸುರಿದು ಮುಂದಿಟ್ಟಳು. ಮುಖ ಆ ಕಡೆ ತಿರುಗಿಸಿಕೊಂಡೇ ಕುಡಿದ.

ಮುಂದಿನ ತಿಂಗಳು ಲಿಂಗಸುಗೂರಿನಿಂದ ಬಂದ ಶಾಲಾ ಇನ್ಸ್‌ಪೆಕ್ಟರರು ಕೋಣೆಯನ್ನೆಲ್ಲ ನೋಡಿ, "ಇದಕ್ಕೆ ಮುಖ್ಯಸ್ಥರು ಯಾರು?" ಎಂದು ಕೇಳಿದರು.

ಹುಸೇನಪ್ಪ ಗ್ರೀಸಿನ ಕೈ ಒರೆಸಿಕೊಂಡು ಎದ್ದು ನಿಂತ.

"ಡೈರೆಕ್ಟರ್ ಒಳಗ ರೊಟ್ಟಿ ಬಡಿಯಾಕತ್ತ್ಯಾರ್ರೀ. ಕುಂದರ್ರಿ, ಬರ್ತಾರ."