ಎದುರುಬದುರು ಜೀಪುಗಳು

ಯರಗುಪ್ಪಿಯಲ್ಲಿ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕೂತಿದ್ದೆ. ಎದುರಿಗೆ ಇಬ್ಬರು ಉಮೇದುವಾರರ ಪ್ರಚಾರದ ಜೀಪುಗಳು ಮುಖಾಮುಖಿ ನಿಂತಿದ್ದವು. ಡ್ರೈವರುಗಳು ಊಟಕ್ಕೆ ಹೋಗಿದ್ದರು; ಖಾಲಿ ರಸ್ತೆಯಲ್ಲಿ ಕ್ಯಾಸೆಟ್ಟುಗಳೇ ಬೈದಾಡುತ್ತಿದ್ದವು. “ಕೆರಿ ನುಂಗಿದಂವಾ!” ಎಂದಿತು ಒಂದು. “ಸಾಲಿ ನುಂಗಿದಂವಾ!” ಎಂದಿತು ಇನ್ನೊಂದು. ಎರಡರದೂ ಒಂದೇ ದನಿ.

“ನನ್ನ ಮಗಂದ್ರಿ,” ಎಂದರು ಚಹಾ ಕೊಟ್ಟ ಮುದುಕರು. “ಇಬ್ಬರೂ ಅವನ ಕಡಿಂದನ ಓದಿಸ್ಯಾರ.”

“ಈಗ ಎಲ್ಲಿದ್ದಾನ್ರಿ?” ಎಂದೆ.

“ತೀರಿಕೊಂಡು ಎಂಟು ದಿನಾತ್ರಿ.”

ಟೇಪು ಬಂದ್ ಮಾಡಲು ಎದ್ದೆ. ಅವರು ಕೈ ಹಿಡಿದರು. “ಬ್ಯಾಡ್ರಿ. ಹಚ್ಚಿಟ್ಟು ಹೋಗ್ರಿ ಅಂತ ನಾನ ಹೇಳೇನಿ. ಸಂಜೀಕ ಪ್ರಚಾರ ಮುಗೀತೈತಿ.”

ಬೈಯುತ್ತ ಬೈಯುತ್ತ ಎಡಗಡೆಯ ಜೀಪಿನ ದನಿ ಕೆಮ್ಮತೊಡಗಿತು. ಮುದುಕರು ತಟ್ಟನೆ ಲೋಟಕ್ಕೆ ನೀರು ತುಂಬಿ ಅದರತ್ತ ಚಾಚಿದರು.