ರಜೆಯ ಮೇಲೆ ಹೋದ ಕುದುರೆ

ನಿಮ್ಮ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಅದ್ಭುತಕಥೆ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಪೇಚಾಟ. ದೇಶವಿದೇಶದ ಡ್ರ್ಯಾಗನ್ನುಗಳನ್ನೂ ಮಾಂತ್ರಿಕರನ್ನೂ ಓದಿ ಕಣ್ಣು ಹಾಳುಮಾಡಿಕೊಂಡವನು ನಾನು. ಆದರೂ ನಿಜ ಹೇಳಬೇಕೆಂದರೆ, ಆ ಕಥೆ ಅಚ್ಚೇ ಆಗಿಲ್ಲ. ಅದನ್ನು ಕಟ್ಟಿದವಳು ನನ್ನ ಅಕ್ಕ, ಶಾಲೆಗೆ ನಡೆದುಹೋಗುವ ದಾರಿಯಲ್ಲಿ.

ಭಾಗಮಂಡಲದ ಪುಟ್ಟ ಲೈಬ್ರರಿಯಲ್ಲಿ ಮೂರು ಭಾಗದ ಒಂದು ಕಾದಂಬರಿ ಇತ್ತು. ಇತ್ತು ಅಂದರೆ, ಒಂದನೆಯದೂ ಮೂರನೆಯದೂ ಇದ್ದವು. ಎರಡನೆಯದನ್ನು ಒಯ್ದವರಿಗೆ ವರ್ಗವಾಗಿ, ಪುಸ್ತಕಕ್ಕೂ ಅವರ ಜೊತೆ ವರ್ಗವಾಗಿತ್ತು. ಮಾಂತ್ರಿಕನೊಬ್ಬ ಒಂದು ಊರಿನ ಹೊಳೆಯನ್ನೇ ಕದ್ದು ಚೆಂಬಿನಲ್ಲಿ ಅಡಗಿಸುತ್ತಾನೆ. ರಾಜಕುಮಾರಿ ಅದನ್ನು ಹುಡುಕಿ ಹೊರಡುತ್ತಾಳೆ. ನಮ್ಮ ಊರಿನವರಿಗೆ ಇದೇನು ಸಣ್ಣ ವಿಷಯವೇ? ಬೆಳಿಗ್ಗೆ ಎದ್ದವನೇ ಸಂಗಮದ ತನಕ ಓಡಿ, ನೀರು ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆಯೇ ನಾನು ಹಲ್ಲುಜ್ಜುತ್ತಿದ್ದೆ.

ರಾಜಕುಮಾರಿಯ ಜೊತೆಗೊಂದು ಹಾರುವ ಕುದುರೆ. ವಯಸ್ಸಾದದ್ದು, ಸದಾ ಗೊಣಗುವಂಥದ್ದು, ಎತ್ತರವೆಂದರೆ ಹೆದರಿ ಸಾಯುವಂಥದ್ದು. ರೆಕ್ಕೆ ಬಿಚ್ಚುವ ಮುಂಚೆ ನೂರು ಅನುಮಾನ ಅದಕ್ಕೆ. ಸಾಹಿತ್ಯದಲ್ಲಿ ನನ್ನಂಥವನೊಬ್ಬನನ್ನು ಕಂಡದ್ದು ಅದೇ ಮೊದಲು.

ಮೂರನೇ ಭಾಗ ತೆರೆದರೆ ರಾಜಕುಮಾರಿ ಒಬ್ಬಳೇ ನಡೆದು ಹೋಗುತ್ತಿದ್ದಾಳೆ. ಕುದುರೆಯ ಸುದ್ದಿಯೇ ಇಲ್ಲ. ನಾನು ಊಟ ಬಿಟ್ಟೆ.

"ಕುದುರೆ ಎಲ್ಲಿ ಹೋಯ್ತು ಅಕ್ಕ?"

"ರಜೆ ಹಾಕಿದೆ."

"ಕುದುರೆಗೆ ರಜೆ ಯಾರು ಕೊಡ್ತಾರೆ?"

"ಅಪ್ಪನಿಗೆ ಯಾರು ಕೊಡ್ತಾರೆ? ಹೆಡ್‌ಮಾಸ್ತರು. ಕುದುರೆಗಳಿಗೂ ಒಬ್ಬರು ಹೆಡ್‌ಮಾಸ್ತರು ಇರ್ತಾರೆ. ಬೇಗ ನಡಿ ಮಾರಾಯ, ಬೆಲ್ ಹೊಡೀತದೆ."

ಅಪ್ಪ ಶಾಲೆಯ ಮೇಷ್ಟರು. ರಜೆಯ ನಿಯಮಗಳೆಲ್ಲ ನಮಗೆ ಬಾಯಿಪಾಠ. ಹಾಗಾಗಿ ನಂಬಿದೆ. ರಜೆಯಲ್ಲಿ ಕುದುರೆ ಏನೇನು ಮಾಡಿತು ಎಂದು ಅಕ್ಕ ದಿನಾ ಒಂದಿಷ್ಟು ಹೇಳುತ್ತಾ ಹೋದಳು. ಅದು ಮೋಡಗಳ ಊರಿಗೆ ಹೋಗಿ ಜ್ವರ ಬರಿಸಿಕೊಂಡಿತು, ಕಷಾಯ ಕುಡಿಯಲು ಹಟ ಮಾಡಿತು, ರಜೆ ಸಾಲದೆ ಇನ್ನಷ್ಟು ಕೇಳಿ ಅರ್ಜಿ ಹಾಕಿತು. ಕಾಣೆಯಾದ ಎರಡನೇ ಭಾಗ ಹೀಗೆ ನಮ್ಮ ಮನೆಯಲ್ಲೇ ತಯಾರಾಯಿತು. ಆಮೇಲೆ ಎಷ್ಟೋ ಓದಿದೆ. ಅಷ್ಟು ಚೆನ್ನಾಗಿ ನನ್ನನ್ನು ಯಾವ ಪುಸ್ತಕವೂ ನೋಡಿಕೊಳ್ಳಲಿಲ್ಲ.

ಈಚೆಗೆ ಆ ಕಾದಂಬರಿ ಮತ್ತೆ ಅಚ್ಚಾಗಿದೆ ಎಂದು ಗೊತ್ತಾಗಿ ಮೂರೂ ಭಾಗ ತರಿಸಿದೆ. ಮಡಿಕೇರಿಯ ಮನೆಗೆ ಪಾರ್ಸೆಲ್ ಬಂದ ದಿನವೇ ಎರಡನೆಯದನ್ನು ಓದಿ ಮುಗಿಸಿದೆ. ಕುದುರೆ ಸಾಯುತ್ತದೆ. ರಾಜಕುಮಾರಿಯನ್ನು ಕೊನೆಯ ಬೆಟ್ಟ ದಾಟಿಸಿ, ಆಚೆ ಇಳಿಜಾರಿನಲ್ಲಿ ಸಾಯುತ್ತದೆ.

ನನ್ನ ಸಂಕಟ ಕುದುರೆಯದಲ್ಲ. ಆ ವಾರವೇ ಅಕ್ಕ ಬರುವವಳಿದ್ದಳು. ಭಾವ ತೀರಿಕೊಂಡು ಒಂದು ವರ್ಷವಾಗಿತ್ತು. ನಾಪೋಕ್ಲು ಹತ್ತಿರದ ಅವರ ಕಾಫಿ ತೋಟವನ್ನು ಅವಳೇ ನೋಡಿಕೊಳ್ಳುತ್ತಾಳೆ. ಹಣ್ಣು ಕೊಯ್ಯುವ ಪಿಕಿಂಗ್ ಮುಗಿಸಿ ನಾಲ್ಕು ದಿನ ಇರಲು ಬರುತ್ತಿದ್ದಳು. ಗಟ್ಟಿಯಾಗಿಯೇ ಇದ್ದಾಳೆ, ಇದೊಂದು ಓದಿ ಎಲ್ಲಿ ಕುಸಿದುಬಿಡುತ್ತಾಳೋ ಎಂದು ನನಗೆ ದಿಗಿಲು. ಎರಡನೇ ಭಾಗವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಅಕ್ಕ ಬಂದವಳು ಕಾಲು ತೊಳೆದು ಸೀದಾ ಕಪಾಟಿನ ಮುಂದೆ ನಿಂತಳು. "ಅಯ್ಯೋ, ನಮ್ಮ ಪುಸ್ತಕ! ಎರಡನೇದು ಎಲ್ಲಿ?"

"ಅದು ಸ್ಟಾಕ್ ಇಲ್ಲವಂತೆ."

ಒಳಗಿನಿಂದ ನನ್ನ ಹೆಂಡತಿಯ ದನಿ: "ಅಕ್ಕಿ ಡಬ್ಬದ ಹಿಂದೆ ಒಂದು ಪುಸ್ತಕ ಇದೆಯಲ್ಲ, ಅದಾ?"

ಮಧ್ಯಾಹ್ನ ಅಕ್ಕ ಅಡುಗೆಮನೆಯ ಹಿಂಬಾಗಿಲಲ್ಲಿ ಕೂತು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು. ಕೈ ತುಂಬಾ ಎಣ್ಣೆ, ಅಂಟು. "ನಾನು ಪುಸ್ತಕ ಮುಟ್ಟುವ ಹಾಗಿಲ್ಲ. ನೀನೇ ಓದು," ಅಂದಳು. ನಾನು ಒಂದೊಂದೇ ಅಧ್ಯಾಯ ಓದುತ್ತಾ, ಅಷ್ಟರಲ್ಲಿ ಕರೆಂಟು ಬಿಲ್ಲಿನವನಾದರೂ ಬರಬಾರದೇ ಎಂದು ಬಾಗಿಲು ನೋಡುತ್ತಾ, ಕಡೆಗೆ ಆ ಇಳಿಜಾರಿಗೆ ಬಂದೆ.

"ಕುದುರೆಗೆ ಸುಸ್ತಾಗಿತ್ತು. ಅದು ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಮಲಗಿತು. ಎದ್ದ ಮೇಲೆ..."

"ಲೇ," ಅಂದಳು ಅಕ್ಕ. "ನೀನು ಓದ್ತಾ ಇಲ್ಲ. ಹೇಳ್ತಾ ಇದ್ದೀಯ."

"ಇಲ್ಲ ಅಕ್ಕ, ಹಾಗೇ ಇದೆ."

"ನನ್ನ ಹತ್ತಿರವಾ? ಆ ಕೆಲಸ ಶುರು ಮಾಡಿದವಳೇ ನಾನು. ಇದ್ದದ್ದು ಇದ್ದ ಹಾಗೆ ಓದು."

ಓದಿದೆ. ಕುದುರೆ ಕೊನೆಯ ಸಲವೂ ಗೊಣಗುತ್ತದೆ, ಗಾಳಿ ಸರಿಯಿಲ್ಲ ಎನ್ನುತ್ತದೆ, ರಾಜಕುಮಾರಿಯ ಕಾಲಿಗೆ ಮುಳ್ಳು ಚುಚ್ಚೀತು ಎಂದು ಚಿಂತೆ ಮಾಡುತ್ತದೆ. ಅಕ್ಕ ಚಾಕು ಕೆಳಗಿಟ್ಟು, ತೋಟದ ಕಡೆ ನೋಡುವವರ ಹಾಗೆ ಗೋಡೆಯನ್ನು ನೋಡುತ್ತಾ ಕೂತಿದ್ದಳು.

"ಅವರೂ ಹಾಗೇ," ಅಂದಳು. "ಮೈಸೂರಿಗೆ ಆಂಬುಲೆನ್ಸ್‌ನಲ್ಲಿ ಹೋಗುವಾಗ ಕುಶಾಲನಗರ ದಾಟುವ ತನಕ ಒಂದೇ ಮಾತು. ಕಣದಲ್ಲಿ ಕಾಫಿ ಹರಡಿದ್ದೇನೆ, ಮೋಡ ಕಟ್ಟಿದೆ, ಫೋನು ಮಾಡಿ ಟಾರ್ಪಾಲು ಹೊದಿಸಲಿಕ್ಕೆ ಹೇಳು ಅಂತ."

ನಾನು ಎದ್ದೆ. "ಅಕ್ಕ, ಒಂದು ಲೋಟ ಕಾಫಿ..."

"ನೋಡು, ಇದೇ!" ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಅಂಟು ಕೈಯಾದ್ದರಿಂದ ಒರೆಸಿಕೊಳ್ಳಲಾಗದೆ ತೋಳನ್ನೇ ಮುಖಕ್ಕೆ ಒತ್ತಿದಳು. "ವರ್ಷದಿಂದ ನಾನು ಅವರ ವಿಷಯ ಎತ್ತಿದ ಕೂಡಲೇ ನೀನು ಕಾಫಿ ಬೇಕಾ ಅಂತೀಯ. ನಿನ್ನ ಹೆಂಡತಿ ಬಿಸ್ಕತ್ತು ತರ್ತಾಳೆ. ನಾನು ಎಷ್ಟು ಕಾಫಿ ಕುಡಿಯಬೇಕೋ? ತೋಟದಲ್ಲಿ ಬೆಳೆದದ್ದು ಸಾಲದೇ ಬರ್ತದೆ."

ಅವಳು ಕುಸಿಯಬಾರದು ಎಂದು ವರ್ಷವಿಡೀ ನಾನು ಕಾವಲು ಕಾದದ್ದು ಅವಳ ಬಾಯಿ ಮುಚ್ಚಿಸಿ. ಮತ್ತೆ ಕೂತೆ. ಪುಸ್ತಕದ ಆ ಪುಟದಲ್ಲಿ ಬೆರಳಿಟ್ಟು ಮುಚ್ಚಿದೆ. ನಾನು ಹೇಳುವುದೇನೂ ಬೇಕಿಲ್ಲ, ಕೇಳಿದರೆ ಸಾಕು ಎಂದು ಹೊಳೆಯಲು ನನ್ನಂಥವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಫೋನು ಮಾಡಿದೆಯಾ?" ಅಂದೆ.

"ಮಾಡಿದೆ."

"ಆಮೇಲೆ?"

ಅಕ್ಕ ನನ್ನ ಕಡೆಗೆ ತಿರುಗಿ ಕೂತಳು.